ಮೂರನೇ ಸಾಲಿನ ಖಾಲಿ ಮನೆಗಳು

ಕಾಯುವುದೆಂದರೆ ನನಗೆ ಆಗಿಬರುವುದಿಲ್ಲ. ಇದು ನನ್ನ ಸ್ವಭಾವ ಮಾತ್ರವಲ್ಲ, ಉದ್ಯೋಗವೂ ಹೌದು. ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ ನನಗೆ ಕೆಲಸ. ಯಾವ ಮಷಿನ್ ಯಾವುದಕ್ಕಾಗಿ ನಿಂತಿದೆ, ಯಾವ ಬಿಡಿಭಾಗ ಯಾವ ಮೂಲೆಯಲ್ಲಿ ಸುಮ್ಮನೆ ಕೂತಿದೆ, ಯಾವ ಮನುಷ್ಯ ಕೈಕಟ್ಟಿ ನಿಂತಿದ್ದಾನೆ ಎಂದು ಹುಡುಕಿ, ಆ ಸುಮ್ಮನಿರುವುದನ್ನೆಲ್ಲ ಕತ್ತರಿಸಿ ಹಾಕುವುದೇ ನನ್ನ ಕರ್ತವ್ಯ. ನಮ್ಮ ಶಾಪ್‌ಫ್ಲೋರಿನ ಗೋಡೆಯ ಮೇಲೆ ‘ಕಾಯುವುದೂ ನಷ್ಟವೇ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದವಳು ನಾನೇ. ಅದರ ಕೆಳಗೆ ನಿಂತು ಜನ ಟೀ ಗಾಡಿಗೆ ಕಾಯುತ್ತಾರೆ. ಅದು ಬೇರೆ ವಿಷಯ.

ಮನೆಯಲ್ಲೂ ನನ್ನ ಪದ್ಧತಿ ಇದೇ. ಹಲ್ಲುಜ್ಜುವಾಗಲೇ ಹಾಲು ಕಾಯಬೇಕು, ಹಾಲು ಕಾಯುವಾಗಲೇ ಡಬ್ಬಿ ಮುಚ್ಚಬೇಕು. ನನ್ನ ಗಂಡ ಮಹೇಶ ಸ್ವಲ್ಪ ನಿಧಾನದ ಮನುಷ್ಯ. ನೆಲಮಂಗಲದಲ್ಲಿ ಪಂಪು ರಿಪೇರಿಯ ಅಂಗಡಿ ಇಟ್ಟಿದ್ದಾರೆ. “ರೇಖಾ, ನಮ್ಮನೆ ಕುಕ್ಕರ್ ಕೂಡ ನಿನ್ ಮುಖ ನೋಡ್ಕೊಂಡೇ ವಿಷಲ್ ಹೊಡೆಯುತ್ತೆ ಕಣೇ” ಎಂದು ಅವರು ಹೇಳಿದಾಗ ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಇಷ್ಟು ಅರ್ಹತೆಯಿರುವ ನಾನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಕೈಹಾಕಿದ್ದು ನಮ್ಮ ಮಗಳಿಗಾಗಿ.

ಭೂಮಿಕಾಗೆ ಹತ್ತು ವರ್ಷ. ಅವಳ ದನಿ ಹುಟ್ಟಾ ದಪ್ಪ. ಎರಡು ವರ್ಷದ ಹಿಂದೆ ನೆಂಟರ ಮನೆಯ ನಾಮಕರಣದಲ್ಲಿ ಎಲ್ಲರೂ ಒತ್ತಾಯ ಮಾಡಿದರೆಂದು ತೊಟ್ಟಿಲ ಪಕ್ಕ ನಿಂತು ಹಾಡು ಹೇಳತೊಡಗಿದಳು. ಅಡುಗೆ ಮನೆಯಿಂದ ಒಬ್ಬ ಮಾವ ಗಡಿಬಿಡಿಯಲ್ಲಿ ಓಡಿಬಂದು “ಏನ್ರೀ, ಪುರೋಹಿತ್ರು ಬಂದ್ಬಿಟ್ರಾ? ಮಂತ್ರ ಶುರುವಾದಂಗಿದೆ” ಎಂದರು. ಅವರು ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೆ ಅಂದುಕೊಂಡಿದ್ದರು. ಮನೆ ತುಂಬ ಜನ ನಕ್ಕರು. ಭೂಮಿ ಅಂದಿನಿಂದ ಹಾಡುವುದನ್ನು ಬಿಟ್ಟಳು. ಶಾಲೆಯ ಪ್ರಾರ್ಥನೆಯಲ್ಲಿ ಬಾಯಿ ಮಾತ್ರ ಆಡಿಸುತ್ತಿದ್ದಳು. ಮಾತಾಡುವಾಗಲೂ ಪಿಸುಗುಟ್ಟುವ ಅಭ್ಯಾಸ ಮಾಡಿಕೊಂಡಳು.

ಹೀಗಿರುವಾಗ ಅವಳ ಶಾಲೆಗೆ ಸ್ಟೆಲ್ಲಾ ಮಿಸ್ ಬಂದರು. ಸಂಗೀತದ ಮಿಸ್. ತೆಳ್ಳಗೆ, ಮೆತ್ತಗೆ, ನಡೆದರೆ ಚಪ್ಪಲಿಯ ಸದ್ದೂ ಕೇಳಿಸದಂಥವರು. ಅವರು ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ದನಿ ಪರೀಕ್ಷೆ ಮಾಡಿ ಒಂದು ಕಾಯರ್, ಅಂದರೆ ಒಟ್ಟಿಗೆ ಹಾಡುವ ತಂಡ, ಕಟ್ಟಿದರು. ಎತ್ತರದ ದನಿಯವರು ಮೊದಲ ಸಾಲು, ನಡುವಿನವರು ಎರಡನೇ ಸಾಲು, ತಗ್ಗಿನ ದನಿಯವರು ಮೂರನೇ ಸಾಲು. ಭೂಮಿ ಬಾಯಿ ಬಿಟ್ಟ ಕೂಡಲೇ ಮಿಸ್ ಕಣ್ಣರಳಿಸಿ “ನೀನು ಎಲ್ಲಿದ್ಯಮ್ಮ ಇಷ್ಟು ದಿನ? ಈ ದನಿ ಇಲ್ದೆ ನಾನು ಪಾಯ ಇಲ್ದೆ ಮನೆ ಕಟ್ತಾ ಇದ್ದೆ” ಎಂದರಂತೆ. ಆ ದಿನ ಭೂಮಿ ಮನೆಗೆ ಬಂದು ಆ ಮಾತನ್ನು ನನಗೆ ಮೂರು ಸಲ ಹೇಳಿದಳು. ಮೂರನೇ ಸಲ ಪಿಸುಗುಟ್ಟಲಿಲ್ಲ.

ಆದ್ದರಿಂದ ಈ ಕಾಯರ್ ನಮ್ಮ ಮನೆಯಲ್ಲಿ ಸಣ್ಣ ವಿಷಯವಾಗಿರಲಿಲ್ಲ. ವೈಟ್‌ಫೀಲ್ಡ್ ಕಡೆ, ಕುಂದಲಹಳ್ಳಿಯ ಒಂದು ದೊಡ್ಡ ಶಾಲೆಯ ಸಭಾಂಗಣದಲ್ಲಿ ಮಕ್ಕಳ ಕಾಯರ್‌ಗಳ ಕಾರ್ಯಕ್ರಮವಿತ್ತು, ನಮ್ಮ ಶಾಲೆಗೂ ಒಂದು ಹಾಡಿನ ಅವಕಾಶ ಸಿಕ್ಕಿತ್ತು. ಅಲ್ಲಿ ಚೆನ್ನಾಗಿ ಆದರೆ ನನ್ನ ಮಗಳು ಹಾಡುತ್ತಾಳೆ. ಅಲ್ಲೂ ಜನ ನಕ್ಕರೆ ಈ ಜನ್ಮದಲ್ಲಿ ಮತ್ತೆ ಬಾಯಿ ಬಿಡುವುದಿಲ್ಲ. ಇದು ನನಗೂ ಗೊತ್ತಿತ್ತು, ಮಹೇಶರಿಗೂ ಗೊತ್ತಿತ್ತು. ಇಂಥ ಮಹತ್ವದ ಕಾರ್ಯವನ್ನು ಸ್ಟೆಲ್ಲಾ ಮಿಸ್ ಒಬ್ಬರ ಮೇಲೇ ಬಿಟ್ಟುಬಿಡುವುದು ಸರಿಯಲ್ಲ ಎಂದು ನನಗೆ ತೋರಿತು.

ಪೋಷಕರ ಸಭೆಯಲ್ಲಿ ಮಿಸ್ ಒಂದು ದೊಡ್ಡ ಪುಸ್ತಕ ತೋರಿಸಿದರು. ಯುರೋಪಿನಲ್ಲಿ ಯಾರೋ ದೊಡ್ಡವರು ನೂರಾರು ವರ್ಷದ ಹಿಂದೆ ಮಾಡಿದ ಜೋಗುಳದ ರಾಗ, ಅದನ್ನು ಮಕ್ಕಳ ದನಿಗೆ ಹೊಂದುವಂತೆ ಮೂರು ಸಾಲು ಮಾಡಿ ಅಚ್ಚು ಹಾಕಿಸಿದ ಸ್ವರಲಿಪಿ. ಮಾತು ಮಾತ್ರ ಮಿಸ್ ತಾವೇ ಕನ್ನಡದಲ್ಲಿ ಬರೆದಿದ್ದರು. ಮೊದಲ ಸಾಲಿನವರು ‘ತೂಗುವೆ ಬಾರೆ ಚುಕ್ಕಿಯೆ’ ಎಂದು ಎಳೆದು ಹಾಡುವುದು, ಎರಡನೇ ಸಾಲಿನವರು ಅದಕ್ಕೆ ಹೂಂಗುಡುವುದು, ಕೊನೆಗೆ ಮೂರನೇ ಸಾಲಿನವರು ತಗ್ಗಿನಲ್ಲಿ ‘ಮಲಗು’ ಎನ್ನುವುದು. ಪ್ರತಿ ಸಾಲಿಗೂ ಅವರವರ ಪುಟಗಳನ್ನು ಬೇರೆ ಮಾಡಿ, ಪ್ರತಿ ಮಗುವಿಗೂ ಒಂದೊಂದು ಪ್ರತಿ ತೆಗೆಸಬೇಕಿತ್ತು. ಶಾಲೆಗೆ ಹಾಗೆ ಪ್ರತಿ ತೆಗೆಯುವ ಅನುಮತಿಯೂ ಇತ್ತು.

“ಮೂರನೇ ಸಾಲಿಂದು ನಂಗೆ ಬಿಡಿ ಮಿಸ್” ಎಂದೆ. “ಡ್ರಾಯಿಂಗ್ ಕಾಪಿ ಮಾಡ್ಸೋದು ನಮ್ಗೆ ದಿನಾ ಇರೋ ಕೆಲ್ಸ.”

“ಸಂಗೀತ ಓದೋಕೆ ಬರುತ್ತಾ ಮೇಡಂ?” ಎಂದು ಮಿಸ್ ಕೇಳಿದರು.

“ಓದೋದೇನ್ ಬಿಡಿ, ಅದೂ ಒಂಥರಾ ಡ್ರಾಯಿಂಗೇ ಅಲ್ವಾ” ಎಂದೆ. ಮಿಸ್ ನಕ್ಕರು. ಅವರು ಯಾರನ್ನೂ ನೋಯಿಸುವವರಲ್ಲ.

ಅಂದು ಸಂಜೆ ಮಾಕಳಿಯ ನಮ್ಮ ಮನೆಯಲ್ಲಿ, ಮಿಸ್ ಕೊಟ್ಟ ಮೂರನೇ ಸಾಲಿನ ನಾಲ್ಕು ಜೆರಾಕ್ಸ್ ಪುಟಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಐದೈದು ಗೆರೆಗಳು. ಅವುಗಳ ಮೇಲೆ ಮೇಲಿಂದ ಕೆಳಕ್ಕೆ ಗೆರೆ ಎಳೆದು ಕುಂಟಾಬಿಲ್ಲೆಯ ಹಾಗೆ ಮನೆ ಮನೆ ಮಾಡಿದ್ದರು. ಕೆಲವು ಮನೆಗಳಲ್ಲಿ ಬಾಲವಿರುವ ಕಪ್ಪು ಬೊಟ್ಟುಗಳು, ಅವುಗಳ ಕೆಳಗೆ ‘ಮಲಗು’ ಎಂದು ಮಿಸ್ ಬರೆದ ಅಕ್ಷರ. ಅದು ಸರಿ. ಆದರೆ ಉಳಿದ ಮನೆಗಳೆಲ್ಲ ಖಾಲಿ. ಬರೀ ಒಂದು ಪುಟ್ಟ ಕಪ್ಪು ಇಟ್ಟಿಗೆ ಗೆರೆಯಿಂದ ನೇತಾಡುತ್ತಿತ್ತು. ಮೊದಲ ಪುಟದ ತುಂಬ ಇಟ್ಟಿಗೆ. ಎರಡನೇ ಪುಟದಲ್ಲಿ ಒಂದು ‘ಮಲಗು’, ಮತ್ತೆ ಸಾಲು ಸಾಲು ಇಟ್ಟಿಗೆ.

“ಭೂಮಿ, ಏನೇ ಇದು?” ಎಂದು ಇಟ್ಟಿಗೆ ತೋರಿಸಿದೆ.

“ಅಲ್ಲಿ ಸುಮ್ನಿರ್ಬೇಕಮ್ಮ.”

“ಸುಮ್ನಿರೋದಕ್ಕೆ ಕಾಗದ ಯಾಕೆ?”

“ಅಲ್ಲಿ ಎಣಿಸ್ಬೇಕಂತೆ. ಮಿಸ್ ಹೇಳಿದ್ರು.”

“ಎಣಿಸೋದೆಲ್ಲ ಮಿಸ್ ನೋಡ್ಕೋತಾರೆ. ಅವ್ರು ಮುಂದೆ ನಿಂತು ಕೈ ಬೀಸಲ್ವಾ? ನಿಮ್ ಕೆಲ್ಸ ಹಾಡೋದು ಅಷ್ಟೇ.”

ನನ್ನ ಮನಸ್ಸಿನಲ್ಲಿ ಆಗಲೇ ಯೋಜನೆ ಸಿದ್ಧವಾಗಿತ್ತು. ನಾಲ್ಕು ಪುಟ ಹಿಡಿದುಕೊಂಡು ಮಕ್ಕಳು ವೇದಿಕೆಯ ಮೇಲೆ ಸರಪರ ಎಂದು ತಿರುವುತ್ತಾ ನಿಂತರೆ ನೋಡಲು ಚೆನ್ನಾಗಿರುತ್ತದೆಯೇ? ಒಂದು ಪುಟ ಕೆಳಗೆ ಬಿದ್ದರೆ ಗತಿಯೇನು? ಕತ್ತರಿ ತಂದೆ. ಇಟ್ಟಿಗೆಯ ಮನೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆದು, ಹಾಡಿರುವ ಮನೆಗಳನ್ನು ಒಂದರ ಪಕ್ಕ ಒಂದು ಗೋಂದು ಹಚ್ಚಿ ಅಂಟಿಸಿದೆ. ನಾಲ್ಕು ಪುಟದ ಹಾಡು ಒಂದೇ ಪುಟವಾಯಿತು. ಕಾರ್ಖಾನೆಯಲ್ಲಿ ಇಂಥ ಕೆಲಸಕ್ಕೆ ಬಹುಮಾನ ಕೊಡುತ್ತಾರೆ. ಮರುದಿನ ಅದರ ಪ್ರತಿ ತೆಗೆಸಿ, ಪ್ರತಿಯೊಂದಕ್ಕೂ ಲ್ಯಾಮಿನೇಷನ್ ಮಾಡಿಸಿ, ಮೂಲೆಗಳು ಚುಚ್ಚದ ಹಾಗೆ ದುಂಡಗೆ ಕತ್ತರಿಸಿದೆ.

ಮಹೇಶ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಬರೆದವ್ರು ಖಾಲಿ ಬಿಟ್ಟಿದಾರೆ ಅಂದ್ರೆ ಏನೋ ಕಾರಣ ಇರುತ್ತೆ ಅಲ್ವೇನೇ?”

“ರೀ, ಆ ಕಾಲದಲ್ಲಿ ಜನಕ್ಕೆ ಟೈಮ್ ಇತ್ತು” ಎಂದೆ.

ಇಲ್ಲಿಗೆ ನಿಂತಿದ್ದರೂ ಬಚಾವಾಗುತ್ತಿದ್ದೆನೇನೋ. ಆದರೆ ಅದೇ ವಾರ ಶಾಲೆಯ ಸಭಾಂಗಣವನ್ನು ಚುನಾವಣೆಯ ತರಬೇತಿಗೆ ತೆಗೆದುಕೊಂಡರು. ಮೂರು ಸಾಲೂ ಒಟ್ಟಿಗೆ ನಿಂತು ಅಭ್ಯಾಸ ಮಾಡಲು ಜಾಗವಿಲ್ಲದಂತಾಯಿತು. ಮಿಸ್ ಮಕ್ಕಳನ್ನು ಹಂಚಿದರು. ಮೊದಲ ಎರಡು ಸಾಲನ್ನು ಪೀಣ್ಯದ ತಮ್ಮ ಮನೆಗೇ ಕರೆಸಿಕೊಂಡರು. ಮೂರನೇ ಸಾಲಿನ ಎಂಟು ಮಕ್ಕಳೂ ನಮ್ಮ ಮಾಕಳಿ ಸುತ್ತಮುತ್ತಲಿನವರೇ ಆದ್ದರಿಂದ ನಮ್ಮ ಮನೆಯ ತಾರಸಿಯ ಮೇಲೆ, ನನ್ನ ಉಸ್ತುವಾರಿಯಲ್ಲಿ ಅಭ್ಯಾಸ ಎಂದಾಯಿತು. ನಾನೇ ಕೈ ಎತ್ತಿ ಒಪ್ಪಿಕೊಂಡೆ. ಮಿಸ್ ಪ್ರತಿ ವಾರ ಮೂರನೇ ಸಾಲಿನ ಭಾಗವನ್ನು ತಾವೇ ಹಾಡಿ ಫೋನಿಗೆ ಕಳಿಸುತ್ತಿದ್ದರು.

ಆ ರೆಕಾರ್ಡಿಂಗ್ ಕೇಳಿ ನನಗೆ ತಲೆಚಿಟ್ಟು ಹಿಡಿಯಿತು. ಮೊದಲು ಬಹಳ ಹೊತ್ತು ಟಕ್ ಟಕ್ ಎಂದು ಮೇಜು ತಟ್ಟುವ ಸದ್ದು. ಆಮೇಲೆ ಒಂದು ‘ಮಲಗು’. ಮತ್ತೆ ಟಕ್ ಟಕ್. ಇನ್ನೊಂದು ‘ಮಲಗು’ ಬರುವಷ್ಟರಲ್ಲಿ ನಾನು ಬಟ್ಟೆ ಒಣಗಿಹಾಕಿ ಬರಬಹುದಾಗಿತ್ತು.

“ರೀ, ನಿಮ್ ಫೋನಲ್ಲಿ ಆಡಿಯೋ ಕಟ್ ಮಾಡೋದು ಇದ್ಯಲ್ಲ, ಈ ತಟ್ಟೋದನ್ನೆಲ್ಲ ತೆಗೀರಿ.”

“ಆ ತಟ್ಟೋದ್ರಲ್ಲೇ ಏನಾದ್ರೂ ಇದ್ರೆ?”

“ಅದು ಅವ್ರ ಅಭ್ಯಾಸ. ನಮ್ ಮ್ಯಾನೇಜರೂ ಪೆನ್ ತಟ್ತಾನೇ ಇರ್ತಾರೆ, ಅದ್ರಲ್ಲಿ ಇದುವರೆಗೂ ಏನೂ ಇರ್ಲಿಲ್ಲ.”

ಮಹೇಶ ನಿಟ್ಟುಸಿರು ಬಿಟ್ಟು ತೆಗೆದುಕೊಟ್ಟರು. ಪುಟ ಚಿಕ್ಕದಾಯಿತು, ರೆಕಾರ್ಡಿಂಗ್ ಚಿಕ್ಕದಾಯಿತು, ಎರಡೂ ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದಿದವು. ಇದಕ್ಕಿಂತ ಪುರಾವೆ ಬೇಕೇ?

ಮಕ್ಕಳಿಗೂ ಖುಷಿಯೋ ಖುಷಿ. ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಸಾಲಾಗಿ ನಿಂತು, ಲ್ಯಾಮಿನೇಷನ್ ಹಾಳೆ ಎದೆಗೆ ಹಿಡಿದು, ನಾನು ಕೈ ಇಳಿಸಿದ ಕೂಡಲೇ “ಮಲಗು ಮಲಗು ಮಲಗು ಮಲಗು” ಎಂದು ಒಂದೇ ಉಸಿರಿಗೆ ಹಾಡಿ ಮುಗಿಸುತ್ತಿದ್ದರು. ಉಳಿದ ಸಮಯದಲ್ಲಿ ಆಟ. ಹಾಡು ಮುಗಿದ ಮೇಲೆ ಕೈಮುಗಿದು, ತಲೆಬಾಗಿ, ಎಡಗಡೆಯಿಂದ ಸಾಲಾಗಿ ಇಳಿದುಹೋಗುವುದನ್ನೂ ನಾನು ಕಲಿಸಿಬಿಟ್ಟೆ. ಅದನ್ನು ಯಾರೂ ಹೇಳಿರಲಿಲ್ಲ. ನನ್ನ ಕಡೆಯಿಂದ ಒಂದು ಸುಧಾರಣೆ.

ಒಂದು ಸಂಜೆ ಕೆಳಗಿನ ಮನೆಯ ಗೌರಮ್ಮನವರು ಮೆಟ್ಟಿಲು ಹತ್ತಿ ಬಂದರು. ಅವರು ನಮ್ಮ ಮನೆಯ ಒಡತಿ. ಈಗ ನಾಲ್ಕು ಮಹಡಿ ಎದ್ದಿರುವ ಜಾಗದಲ್ಲಿ ಒಂದು ಕಾಲದಲ್ಲಿ ರಾಗಿ ಬೆಳೆದವರು. ಸೊಂಟದ ಮೇಲೆ ಕೈಯಿಟ್ಟು ಎರಡು ಸಲ ಪೂರ್ತಿ ಕೇಳಿದರು.

“ಏನವ್ವಾ ಇದು, ಜಗಳದ ಆಡಾ?”

“ಅಲ್ಲ ಗೌರಮ್ಮ, ಜೋಗುಳ.”

“ಜೋಗುಳವಾ?” ಅವರು ಮಕ್ಕಳ ಕಡೆ ನೋಡಿದರು. “ಇಂಗೆ ಗದರಿದ್ರೆ ಮಲಗಿರೋ ಕೂಸೂ ಎದ್ದು ಕೂತ್ಕತದಲ್ಲವ್ವಾ.”

ಇಂಗ್ಲಿಷ್ ಸಂಗೀತ ಹಾಗೇ ಇರುತ್ತದೆ ಎಂದು ಅವರಿಗೆ ತಿಳಿಸಿ ಹೇಳಿದೆ. ಅವರು “ಇರಬೌದು ಕಣವ್ವ” ಎಂದು ಇಳಿದುಹೋದರು.

ಮಿಸ್ ಆಗಾಗ ಫೋನ್ ಮಾಡಿ ವಿಚಾರಿಸುತ್ತಿದ್ದರು. “ನಿಮ್ ಸಾಲು ಹೇಗಿದೆ ಮೇಡಂ?”

“ಪಕ್ಕಾ ಇದೆ ಮಿಸ್. ನಿಮ್ ಟೈಮಿಗಿಂತ ಮುಂಚೆನೇ ಮುಗಿಸ್ತಾರೆ.”

ಮಿಸ್ ಆ ಕಡೆಯಿಂದ ಜೋರಾಗಿ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆಂದು ಅವರು ಅಂದುಕೊಂಡರು. ಅವರು ಮೆಚ್ಚಿ ನಕ್ಕರೆಂದು ನಾನು ಅಂದುಕೊಂಡೆ. ಮುಂಚೆ ಒಂದು ಶನಿವಾರ ಎಲ್ಲರೂ ಸೇರಬೇಕೆಂದಿತ್ತು, ಆದರೆ ಆ ದಿನ ಮಿಸ್‌ಗೆ ಗಂಟಲು ಕಟ್ಟಿ ಅದೂ ತಪ್ಪಿತು. ಹಾಗಾಗಿ ಮೂರು ಸಾಲೂ ಮೊದಲ ಬಾರಿಗೆ ಒಟ್ಟಿಗೆ ನಿಂತದ್ದು ಕಾರ್ಯಕ್ರಮದ ದಿನ ಬೆಳಿಗ್ಗೆ, ಕುಂದಲಹಳ್ಳಿಯ ಆ ಸಭಾಂಗಣದ ವೇದಿಕೆಯ ಮೇಲೆಯೇ. ಸಂಜೆ ಕಾರ್ಯಕ್ರಮ.

ಶಾಲೆಯ ಬಸ್ಸು ಭಾನುವಾರದ ಖಾಲಿ ರಸ್ತೆಯಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ನಮ್ಮನ್ನು ತಂದು ಇಳಿಸಿತ್ತು. ಭೂಮಿ ದಾರಿಯುದ್ದಕ್ಕೂ ಕಿಟಕಿಗೆ ಹಣೆ ಒತ್ತಿಕೊಂಡು ತಗ್ಗಿನ ದನಿಯಲ್ಲಿ ಗುನುಗುತ್ತಿದ್ದಳು. ಅಕ್ಕಪಕ್ಕದವರಿಗೆ ಕೇಳಿಸಿದರೂ ನಿಲ್ಲಿಸಲಿಲ್ಲ. ನನಗಂತೂ ಆಗಲೇ ಗೆದ್ದ ಹಾಗಾಗಿತ್ತು.

ಮಕ್ಕಳು ನಿಂತರು. ಮಿಸ್ ಕೈ ಎತ್ತಿದರು. ನಾನು ಮುಂದಿನ ಕುರ್ಚಿಯಲ್ಲಿ ಮಹೇಶರ ಪಕ್ಕ ಬೆನ್ನು ನೇರ ಮಾಡಿ ಕೂತೆ. ಮಿಸ್ ಕೈ ಇಳಿಯಿತು.

ಮೊದಲ ಸಾಲು ‘ತೂ’ ಎಂದಿತ್ತಷ್ಟೇ. ಹಿಂದಿನಿಂದ ನನ್ನ ಎಂಟು ಮಕ್ಕಳು “ಮಲಗು ಮಲಗು ಮಲಗು ಮಲಗು” ಎಂದು ಮುಗಿಬಿದ್ದರು. ಮೊದಲ ಸಾಲಿನ ಪುಟ್ಟ ಹುಡುಗಿಯೊಬ್ಬಳು ಬೆಚ್ಚಿ ಹಿಂದೆ ತಿರುಗಿ ನೋಡಿದಳು. ಮಿಸ್ ಎಡಗೈಯನ್ನು ಅಡ್ಡ ಹಿಡಿದು ತಡೆಯಲು ನೋಡಿದರು. ನಾನು ಕಲಿಸಿದ ಮಕ್ಕಳು, ತಡೆದರೆ ನಿಲ್ಲುತ್ತಾರೆಯೇ? ಮೊದಲ ಸಾಲು ಇನ್ನೂ ಚುಕ್ಕಿಯನ್ನು ತೂಗುತ್ತಿರುವಾಗಲೇ ಮೂರನೇ ಸಾಲು ಕಡೆಯ ‘ಮಲಗು’ ಹೇಳಿ, ಕೈಮುಗಿದು, ತಲೆಬಾಗಿ, ಎಡಗಡೆಯಿಂದ ಶಿಸ್ತಾಗಿ ಇಳಿಯತೊಡಗಿತು.

ಮಿಸ್ ಹಾಡು ನಿಲ್ಲಿಸಿದರು. “ಎಲ್ಲಿಗೆ ಹೊರಟ್ರಿ ಮಕ್ಕಳೇ?”

ಸಾಲಿನ ಮುಂದಿದ್ದವಳು ಶಾಂಭವಿ. ಅವಳ ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದವರು. ಬಾಯಿ ಜೋರು. “ನಮ್ದು ಮುಗದದ್ರಿ ಮಿಸ್” ಎಂದಳು. “ಅವ್ರದೇ ಇನ್ನಾ ನಡದದ.”

ಅಲ್ಲಿ ತಮ್ಮ ಸರದಿಗೆ ಕೂತಿದ್ದ ಬೇರೆ ಶಾಲೆಯ ಮಕ್ಕಳು ಗೊಳ್ಳೆಂದು ನಕ್ಕರು. ನಾನು ನೋಡಿದ್ದು ಭೂಮಿಯ ಮುಖವನ್ನು. ಅದು ಆ ನಾಮಕರಣದ ದಿನದ ಮುಖವೇ. ತುಟಿ ಬಿಗಿದುಕೊಂಡು ನೆಲ ನೋಡುತ್ತಿದ್ದಳು.

ಮಿಸ್ ಮೆಟ್ಟಿಲಿಳಿದು ಬಂದು ಶಾಂಭವಿಯ ಕೈಯಿಂದ ಹಾಳೆ ತೆಗೆದುಕೊಂಡರು. ಮುಂದೆ ನೋಡಿದರು, ಹಿಂದೆ ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು.

“ಉಳಿದಿದ್ದು ಎಲ್ಲಿ ಮೇಡಂ?”

“ಯಾವ ಉಳಿದಿದ್ದು?”

“ಮೂರು ಪುಟ.”

“ಅದು ಖಾಲಿ ಇತ್ತು ಮಿಸ್. ತೆಗೆದೆ.”

ಮಿಸ್ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತರು. ಅವರು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. “ಖಾಲಿ ಅಲ್ಲ ಮೇಡಂ” ಎಂದರು. “ಅಷ್ಟು ಹೊತ್ತು ಬೇರೆಯವ್ರು ಹಾಡ್ತಿರ್ತಾರೆ.”



ಆದರೂ ಸುಮ್ಮನಿರುವುದು ನನ್ನ ಜಾಯಮಾನವಲ್ಲವಲ್ಲ. “ಪುಸ್ತಕ ಕೊಡಿ ಮಿಸ್, ಈಗ್ಲೇ ಹೋಗಿ ಎಲ್ಲಾ ಪುಟ ಜೆರಾಕ್ಸ್ ಮಾಡ್ಸಿ, ಲ್ಯಾಮಿನೇಷನ್—” ಎನ್ನುವಷ್ಟರಲ್ಲಿ ಆ ಮೆತ್ತನೆಯ ಹೆಂಗಸು ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡರು.

“ಪುಸ್ತಕ ಮಾತ್ರ ಕೇಳ್ಬೇಡಿ ಮೇಡಂ.”

ಭೂಮಿ ಬಂದು ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು. ಎಷ್ಟೋ ದಿನದ ಮೇಲೆ ಪಿಸುಗುಟ್ಟಿದಳು. “ಅಮ್ಮ, ನಾನು ಸಂಜೆ ಬಾಯಿ ಮಾತ್ರ ಆಡಿಸ್ತೀನಿ. ಯಾರ್ಗೂ ಗೊತ್ತಾಗಲ್ಲ.”

ನನಗೆ ಅಲ್ಲೇ ನೆಲ ಬಿರಿಯಬಾರದೇ ಎನಿಸಿತು. ನನ್ನ ಮಗಳಿಗೆ ಎಲ್ಲೋ ಒಂದು ಕಡೆ ನಿಲ್ಲಲು ಒಂದು ಜಾಗ ಸಿಕ್ಕಿತ್ತು. ಅದನ್ನೂ ನಾನೇ ಕತ್ತರಿ ಹಿಡಿದು ತೆಗೆದಿದ್ದೆ. ಮಹೇಶ ‘ಹೇಳಿರ್ಲಿಲ್ವಾ’ ಎನ್ನಬಹುದಾಗಿತ್ತು. ಅನ್ನಲಿಲ್ಲ. ನನ್ನ ಭುಜ ತಟ್ಟಿದರು. ಅದು ಇನ್ನೂ ಕಷ್ಟವಾಯಿತು.

ಮಿಸ್ ಎದ್ದರು. “ಮೇಡಂ, ಮಕ್ಕಳಿಗೆ ಬಿಸಿನೀರು ಬೇಕು. ಫ್ಲಾಸ್ಕ್ ತುಂಬಾ. ತಂದ್ಕೊಡ್ತೀರಾ?”

ತರುತ್ತೇನೆ ಎಂದು ಓಡಿದೆ. ಬಿಸಿನೀರು ತರುವುದರಲ್ಲಿ ತಪ್ಪು ಮಾಡುವುದು ಸಾಧ್ಯವಿಲ್ಲ ಎಂಬ ಧೈರ್ಯವಿತ್ತು. ಆದರೆ ಕುಂದಲಹಳ್ಳಿಯಲ್ಲಿ ಬರೀ ಬಿಸಿನೀರು ಸಿಗುವುದಿಲ್ಲ. ಗಾಜಿನ ಕಟ್ಟಡಗಳ ಕೆಳಗೆ ಸಾಲು ಸಾಲಾಗಿ ಕಾಫಿ ಅಂಗಡಿಗಳಿದ್ದವು. ಮೊದಲನೆಯದರಲ್ಲಿ ಒಬ್ಬ ಹುಡುಗ “ಮೇಡಂ, ಮೆನುನಲ್ಲಿ ಇಲ್ಲ” ಎಂದ. ಎರಡನೆಯದರಲ್ಲಿ ತಣ್ಣೀರಿನ ಬಾಟಲಿ ಕೊಟ್ಟು “ಬಿಸಿಲಲ್ಲಿಡಿ” ಎಂಬ ಮುಖ ಮಾಡಿದರು. ಕಡೆಗೆ ಹಳೇ ಊರಿನ ಒಳಗಿನ ಓಣಿಯಲ್ಲಿ ಒಂದು ಇಡ್ಲಿ ಹೋಟೆಲು ಸಿಕ್ಕಿತು. ಅಲ್ಲಿಯವರು “ನೀರು ಕಾಯೋವರ್ಗೂ ಕೂತ್ಕೊಳ್ಳಿ ಅಕ್ಕಾ” ಎಂದರು. ಕೂತೆ. ಬೆಂಕಿ ಉರಿಯುವುದನ್ನು, ಪಾತ್ರೆಯ ತಳದಿಂದ ಗುಳ್ಳೆ ಏಳುವುದನ್ನು ನೋಡುತ್ತಾ ಕೂತೆ. ಬೇರೆ ಏನನ್ನೂ ಮಾಡಲು ನನಗೆ ಧೈರ್ಯವಿರಲಿಲ್ಲ.

ನಾನು ಫ್ಲಾಸ್ಕ್ ಹಿಡಿದು ಮರಳುವ ಹೊತ್ತಿಗೆ ನಮ್ಮ ಮಕ್ಕಳು ಊಟ ಮುಗಿಸಿ ಹಿಂದಿನ ಕೋಣೆಯಲ್ಲಿ ಶಾಂತವಾಗಿ ಕೂತಿದ್ದರು. ಲ್ಯಾಮಿನೇಷನ್ ಹಾಳೆಗಳು ಎಲ್ಲೂ ಕಾಣಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಮಿಸ್ ನನ್ನನ್ನು ಪಕ್ಕಕ್ಕೆ ಕರೆದರು.

“ಮೇಡಂ, ನಿಮ್ಮಿಂದ ಒಂದು ಮುಖ್ಯವಾದ ಕೆಲಸ ಆಗ್ಬೇಕು.”

“ಹೇಳಿ ಮಿಸ್. ಏನ್ ಬೇಕಾದ್ರೂ ಮಾಡ್ತೀನಿ.”

“ವೇದಿಕೆ ಕೆಳಗೆ, ಬಲಗಡೆ ಮೂಲೇಲಿ ನಿಂತ್ಕೊಳ್ಳಿ. ಹಾಡು ಶುರುವಾದ ತಕ್ಷಣ ಬಲಗೈ ಎತ್ತಿ. ನಾನು ನಿಮ್ ಕಡೆ ನೋಡಿದಾಗ ಇಳಿಸಿ. ನಾನು ನೋಡೋವರ್ಗೂ ಇಳಿಸ್ಬೇಡಿ, ಏನೇ ಆದ್ರೂ.”

ಅರ್ಥವಾಯಿತು. ನನ್ನ ಕೈ ಮೇಲಿರುವವರೆಗೂ ಮೂರನೇ ಸಾಲು ಕಾಯುತ್ತದೆ, ಇಳಿದಾಗ ಹಾಡುತ್ತದೆ. ನಾನು ಕೆಡಿಸಿದ್ದನ್ನು ನಾನೇ ನೆಟ್ಟಗೆ ಮಾಡಲು ಆ ಪುಣ್ಯಾತ್ಗಿತ್ತಿ ಅವಕಾಶ ಕೊಟ್ಟಿದ್ದರು. ನನ್ನ ಕಣ್ಣು ತುಂಬಿ ಬಂತು. ಹಿಂದಿನ ಕಾರಿಡಾರಿನಲ್ಲಿ ನಿಂತು ಕೈ ಎತ್ತುವುದನ್ನೂ ಇಳಿಸುವುದನ್ನೂ ಅಭ್ಯಾಸ ಮಾಡಿದೆ. ಮಹೇಶ ಬಂದು “ಏನೇ, ಬಸ್ ನಿಲ್ಲಿಸ್ತಿದೀಯಾ?” ಎಂದರು. ಕಾರ್ಯದ ಗಾಂಭೀರ್ಯವನ್ನು ಅವರಿಗೆ ವಿವರಿಸಿದೆ.

ಸಂಜೆ ಸಭಾಂಗಣ ತುಂಬಿತು. ನಮ್ಮ ಶಾಲೆಯ ಹೆಸರು ಕೂಗಿದರು. ಮಕ್ಕಳು ಬರಿಗೈಯಲ್ಲಿ ಬಂದು ನಿಂತರು. ಮಿಸ್ ಕೈ ಇಳಿಯಿತು, ನನ್ನ ಕೈ ಏರಿತು.

“ತೂಗುವೆ ಬಾರೆ ಚುಕ್ಕಿಯೆ” ಎಂದು ಮೊದಲ ಸಾಲು ಶುರು ಮಾಡಿತು. ಹಿಂದಿನ ಸಾಲಿನಲ್ಲಿ ಒಂದು ಉಸಿರೂ ಇಲ್ಲ. ಎರಡನೇ ಸಾಲು ಸೇರಿಕೊಂಡಿತು. ನಾನು ರೆಪ್ಪೆ ಮಿಟುಕಿಸದೆ ಮಿಸ್ ಮುಖವನ್ನೇ ನೋಡುತ್ತಿದ್ದೆ. ಅವರು ಮೊದಲ ಸಾಲನ್ನು ನೋಡುತ್ತಿದ್ದರು. ಮೂರನೇ ಸಾಲಿನ ಸರದಿ ಬಂದಿತೋ ಇಲ್ಲವೋ ನನಗೆ ತಿಳಿಯುವ ಬಗೆಯಿಲ್ಲ. ನೋಡಿ ಮಿಸ್, ಈ ಕಡೆ ನೋಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮಿಸ್ ನೋಡಲಿಲ್ಲ.

ನಾನು ಭೂಮಿಯ ಕಡೆ ತಿರುಗಿದೆ. ಅವಳೂ ನನ್ನನ್ನು ನೋಡುತ್ತಿರಲಿಲ್ಲ. ಕತ್ತು ಸ್ವಲ್ಪ ಓರೆ ಮಾಡಿ, ಮುಂದಿನ ಸಾಲಿನವರ ಹಾಡಿಗೆ ಕಿವಿಗೊಟ್ಟು ನಿಂತಿದ್ದಳು. ‘ಚುಕ್ಕಿಯೆ’ ಎಂಬುದು ಮೇಲೆ ಹೋಗಿ ಮೆಲ್ಲಗೆ ಇಳಿಯಿತು. ಭೂಮಿಯ ಎದೆ ಉಬ್ಬಿತು. ಆ ಉಬ್ಬಿನ ಜೊತೆಗೇ ಪಕ್ಕದವರೂ ಉಸಿರೆಳೆದುಕೊಂಡರು.

“ಮಲಗು.”

ದಪ್ಪ ದನಿ, ತಗ್ಗು ದನಿ. ಮೇಲಿನ ಎರಡು ಸಾಲೂ ಅದರ ಮೇಲೆ ನೆಮ್ಮದಿಯಾಗಿ ಕೂತವು. ಆ ದನಿಯನ್ನು ನಾನು ಹತ್ತು ವರ್ಷದಿಂದ ಕೇಳಿದ್ದೇನೆ, ಅಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ಅಳು ಬಂತು. ಒರೆಸಿಕೊಳ್ಳಲು ಆಗಲಿಲ್ಲ. ಒಂದು ಕೈ ಮೇಲಿತ್ತು, ಇನ್ನೊಂದರಲ್ಲಿ ಫ್ಲಾಸ್ಕ್ ಇತ್ತು.

ಮತ್ತೆ ಮೊದಲ ಸಾಲು, ಮತ್ತೆ ಕಾಯುವಿಕೆ, ಮತ್ತೆ ‘ಮಲಗು’. ಒಂದು ಸಲವೂ ಮುಂಚೆ ಬರಲಿಲ್ಲ, ತಡವೂ ಆಗಲಿಲ್ಲ. ಹಾಡು ಮುಗಿಯುವವರೆಗೂ ಮಿಸ್ ನನ್ನ ಕಡೆ ನೋಡಲಿಲ್ಲ. ಆಜ್ಞೆಯ ಪ್ರಕಾರ ನಾನೂ ಕೈ ಇಳಿಸಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದಾಗಲೂ ನನ್ನ ಕೈ ಮೇಲೆಯೇ ಇತ್ತು. ಹಿಂದಿನಿಂದ ಒಬ್ಬರು ಮೆಲ್ಲಗೆ “ಮೇಡಂ, ಈಗ್ಲಾದ್ರೂ ಕೈ ಇಳಿಸ್ತೀರಾ? ಆಗಿಂದ ವಿಡಿಯೋದಲ್ಲಿ ನಿಮ್ ಕೈಯೇ ಬರ್ತಾ ಇದೆ” ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರಿಗೂ ಉತ್ಸಾಹ. ಮಿಸ್ ಮುಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಒರಗಿದ್ದರು. ಭೂಮಿ ನನ್ನ ಪಕ್ಕದಲ್ಲಿ ಚಿಪ್ಸ್ ತಿನ್ನುತ್ತಿದ್ದಳು. ನಾನು ನೋಯುತ್ತಿದ್ದ ತೋಳನ್ನು ಒತ್ತಿಕೊಳ್ಳುತ್ತಾ ಕೇಳಿದೆ: “ಮಿಸ್ ನನ್ ಕಡೆ ನೋಡೋದು ಮರೆತೇಬಿಟ್ರು ಕಣೇ. ನನ್ ಕೈ ಇಳೀದೆ ನೀವು ಹೇಗೆ ಶುರು ಮಾಡಿದ್ರಿ?”

“ನೀನು ನೀರು ತರೋಕೆ ಹೋದಾಗ ಮಿಸ್ ಹೇಳ್ಕೊಟ್ರು. ಹಾಳೆ ಬಿಟ್ಬಿಡಿ, ಮುಂದಿನವ್ರು ಹಾಡೋದನ್ನ ಕೇಳಿ, ‘ಚುಕ್ಕಿಯೆ’ ಇಳೀತಿದ್ದ ಹಾಗೆ ಉಸಿರು ತಗೊಳ್ಳಿ ಅಂತ. ತುಂಬಾ ಸಲ ಮಾಡ್ಸಿದ್ರು.”

“ಮತ್ತೆ ನನ್ ಕೈ?”

“ಅದನ್ನ ಯಾರೂ ನೋಡ್ಬೇಡಿ ಅಂದಿದ್ರು” ಎಂದಳು. ಪಿಸುಗುಟ್ಟಲಿಲ್ಲ. ತನ್ನ ಇಡೀ ದನಿಯಲ್ಲಿ, ಹಿಂದಿನ ಸೀಟಿನವರಿಗೂ ಸ್ಪಷ್ಟವಾಗಿ ಕೇಳುವ ಹಾಗೆ ಮುಂದುವರಿಸಿದಳು: “ಅಮ್ಮನ ಕೈಗೆ ಏನಾದ್ರೂ ಕೆಲ್ಸ ಇರ್ಲಿ, ಇಲ್ದಿದ್ರೆ ಇನ್ನೇನಾದ್ರೂ ಕತ್ತರಿಸ್ಬಿಡ್ತಾರೆ ಅಂತ.”

ಬಸ್ಸಿಗೆ ಬಸ್ಸೇ ನಕ್ಕಿತು. ಕಣ್ಣುಮುಚ್ಚಿದ್ದ ಸ್ಟೆಲ್ಲಾ ಮಿಸ್ ಭುಜ ಕುಲುಕುತ್ತಿತ್ತು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ತಗ್ಗಿನಲ್ಲಿ ನಕ್ಕವಳು ಭೂಮಿ, ಬಾಯಿಗೆ ಕೈ ಅಡ್ಡ ಹಿಡಿಯದೆ. ಅಂತೂ ಆ ಸಂಜೆ ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರು. ನಾನು ಮಾತ್ರ ಒಂದು ಹಾಡಿನ ಉದ್ದಕ್ಕೂ ಯಾರದೋ ವಿಡಿಯೋಗೆ ಅಡ್ಡ ನಿಂತಿದ್ದೆ.